ಸೊನ್ನೆ ಟೀಚರ್ ಬರೆದ ವೃತ್ತ

ಫೆಬ್ರವರಿ ೯

ಪುಟ್ಟ,

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂರುತ್ತಾಳೆ. ಅವಳ ಎದುರಿಗೆ ಅವಳ ವಿಷಯ ಮಾತಾಡುವ ಧೈರ್ಯ ನನಗೆ ತಲೆ ನೆರೆತ ಮೇಲೂ ಬಂದಿಲ್ಲ. ನಿಮ್ಮ ಹಡಗು ಮುಂದಿನ ಬಂದರಿಗೆ ಬರುವಷ್ಟರಲ್ಲಿ ಇದು ನಿನ್ನ ಕೈ ಸೇರುತ್ತದಂತೆ. ಓದಿ ಒಲೆಗೆ ಹಾಕು. ಹಡಗಿನ ಅಡುಗೆಯವನಿಗೆ ಒಲೆಗೇನು ಬರ?

ವಿಷಯ ಇಷ್ಟು. ಅಮ್ಮನ ಪಾರ್ಕಿನ್ಸನ್ ಕಾಯಿಲೆಗೆ ಆಪರೇಷನ್ ಮಾಡಬಹುದು ಎಂದು ಡಾಕ್ಟರು ಹೇಳಿದ್ದಾರೆ. ತಲೆಯೊಳಗೆ ಸಣ್ಣ ತಂತಿ ಇಳಿಸಿ, ಎದೆಯ ಚರ್ಮದ ಕೆಳಗೆ ಒಂದು ಬ್ಯಾಟರಿ ಇಡುತ್ತಾರೆ. ಕೈ ನಡುಕ ಬಹಳ ಮಟ್ಟಿಗೆ ನಿಲ್ಲುತ್ತದಂತೆ. ಅಮ್ಮ ಅಪಾಯ ಎಷ್ಟು, ನೋವು ಎಷ್ಟು ಎಂದು ಒಂದು ಮಾತೂ ಕೇಳಲಿಲ್ಲ. "ಬೋರ್ಡ್ ಮೇಲೆ ವೃತ್ತ ಬರೆಯೋಕಾಗುತ್ತಾ?" ಎಂದಷ್ಟೇ ಕೇಳಿದಳು. ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಅವಳು ಗಣಿತದ ಟೀಚರ್, ಕೈವಾರ ಇಲ್ಲದೆ ಸೀಮೆಸುಣ್ಣ ಹಿಡಿದು ಒಂದೇ ಬೀಸಿನಲ್ಲಿ ಅಪ್ಪಟ ವೃತ್ತ ಬರೆಯುತ್ತಿದ್ದಳು, ಮಕ್ಕಳು ದಾರ ಹಿಡಿದು ಅಳೆದು ಸೋಲುತ್ತಿದ್ದರು ಎಂದು ನಾನೇ ವಿವರಿಸಬೇಕಾಯಿತು. ಸೊನ್ನೆ ಟೀಚರ್ ಎಂಬ ಹೆಸರು ಬಂದದ್ದು ಅದರಿಂದ ಅಂತಲೂ ಹೇಳಿದೆ. ಅವಳು ಹಾಕುತ್ತಿದ್ದ ಸೊನ್ನೆಗಳ ಸುದ್ದಿ ಎತ್ತಲಿಲ್ಲ.

ಆದರೆ ಒಂದು ತೊಡಕಿದೆ. ಈ ಕಾಯಿಲೆ ಕೈಯನ್ನಷ್ಟೇ ನಡುಗಿಸಿ ಸುಮ್ಮನಾಗುವುದಿಲ್ಲವಂತೆ. ಕೆಲವರಲ್ಲಿ ಯೋಚನೆಯನ್ನೂ ಮೆಲ್ಲಗೆ ಹಿಡಿಯುತ್ತದೆ. ಒಂದಾದ ಮೇಲೊಂದು ಕೆಲಸ ಜೋಡಿಸುವುದು, ಗಮನ ಇಡುವುದು, ಈಗ ಕೇಳಿದ್ದನ್ನು ಆಮೇಲೆ ನೆನೆಸಿಕೊಳ್ಳುವುದು, ಇಂಥದ್ದು. ಅದು ಆಗಲೇ ಶುರುವಾಗಿದ್ದವರಿಗೆ ತಂತಿ ಹಾಕಿದರೆ ಕೈ ನಿಂತರೂ ತಲೆ ಇನ್ನಷ್ಟು ಹದಗೆಡಬಹುದು. ಅದಕ್ಕೇ ಮೊದಲು ಜರಡಿ ಹಿಡಿದ ಹಾಗೆ ಒಂದು ಚಿಕ್ಕ ಪರೀಕ್ಷೆ ಮಾಡುತ್ತಾರೆ. ಗಡಿಯಾರ ಬರೆ, ಪೆಟ್ಟಿಗೆಯ ಚಿತ್ರ ನೋಡಿ ಬರೆ, ನೂರರಿಂದ ಏಳೇಳು ಕಳೆ, ಐದು ಪದ ಕೇಳಿ ಸ್ವಲ್ಪ ಹೊತ್ತಾದ ಮೇಲೆ ಹೇಳು.

ಹೋದ ವಾರ ಅಮ್ಮ ಕೂತಳು. ಕಳೆಯುವ ಲೆಕ್ಕ ಹಾಡಿದ ಹಾಗೆ ಹೇಳಿದಳು. ಗಡಿಯಾರದ ಅಂಕಿಗಳೆಲ್ಲ ಒಂದೇ ಪಕ್ಕಕ್ಕೆ ಬಂದು ಕೂತವು. ಐದು ಪದದಲ್ಲಿ ಒಂದು ಮಾತ್ರ ಬಂತು. ಡಾಕ್ಟರು ಹುಬ್ಬು ಗಂಟಿಕ್ಕಿದರು. ಹಿಂದಿನ ರಾತ್ರಿ ನಿದ್ದೆಯಿಲ್ಲ, ಮಾತ್ರೆಯೂ ತಡವಾಗಿತ್ತು, ಅದರಿಂದಲೂ ಹೀಗಾಗಬಹುದು, ಆರು ವಾರ ಬಿಟ್ಟು ಇನ್ನೊಮ್ಮೆ ನೋಡೋಣ ಎಂದರು.

ನಾನು ಹಿಂದಿನ ಕುರ್ಚಿಯಲ್ಲೇ ಇದ್ದೆನಲ್ಲ, ಇಡೀ ಪ್ರಶ್ನೆಪತ್ರಿಕೆ ನನ್ನ ತಲೆಯಲ್ಲಿದೆ. ಇಷ್ಟು ವರ್ಷ ಟ್ಯೂಷನ್ ನಡೆಸಿದವಳು ನಾನು, ಕಲ್ಲಿಗೂ ಪಾಠ ಹೇಳಿ ಪಾಸು ಮಾಡಿಸಿದವಳು. ಇನ್ನು ಅಮ್ಮನ ಪಾಲಿಗೆ ಕೈ ಕಟ್ಟಿ ಕೂರಲೇ? ನಿನ್ನೆಯಿಂದ ಊಟದ ಮೇಜಿನ ಮೇಲೆ ಪಾಠ ಶುರುವಾಗಿದೆ. ಕಿಟಕಿ, ಜೇನು, ಹಗ್ಗ, ಹಳದಿ, ಸೇತುವೆ. ಬೆಳಿಗ್ಗೆ ಒಪ್ಪಿಸಬೇಕು, ಸಂಜೆ ಒಪ್ಪಿಸಬೇಕು.

ನೀನು ಆರೋಗ್ಯ ನೋಡಿಕೋ.

ನಿನ್ನ ಅಕ್ಕ

*

ಮಾರ್ಚ್ ೨

ಅಕ್ಕಾ,

ಕಾಗದ ಸಿಕ್ಕಿತು. ಒಲೆಗೆ ಹಾಕಿಲ್ಲ, ಎರಡು ಸಲ ಓದಿದೆ. ಇಲ್ಲಿ ಅಲೆ ಜೋರು. ಪಾತ್ರೆಗಳನ್ನೆಲ್ಲ ಕಟ್ಟಿಹಾಕಿ ಸಾರು ಕುದಿಸುತ್ತಿದ್ದೇನೆ. ನಡುಗುವ ನೆಲದ ಮೇಲೆ ತಟ್ಟೆ ಹಿಡಿಯುವಾಗ ಅಮ್ಮನ ನೆನಪಾಗುತ್ತದೆ.

ನಿನಗೆ ಬುದ್ಧಿ ಹೇಳುವಷ್ಟು ದೊಡ್ಡವನಲ್ಲ. ಆದರೆ ಒಂದು ಮಾತು ಕೇಳದೆ ಇರಲಾರೆ. ಅಮ್ಮ ಒಪ್ಪಿದಳೇ?

ನನ್ನ ಶಾಲೆಯ ಕೊನೆಯ ವರ್ಷ ನೆನಪಿದೆಯಲ್ಲ. ರೇಖಾಗಣಿತದ ಒಂದು ಪ್ರಮೇಯವನ್ನು ಎಬಿಸಿ ತ್ರಿಭುಜ ಇಟ್ಟುಕೊಂಡು ನಾನು ಉರು ಹೊಡೆದಿದ್ದೆ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಪರೀಕ್ಷೆಯಲ್ಲಿ ಅಮ್ಮ ಚಿತ್ರವನ್ನು ಮಗುಚಿ, ಪಿಕ್ಯೂಆರ್ ಎಂದು ಹೆಸರಿಟ್ಟು, ಬೇರೊಂದು ಕೋನ ಕೇಳಿದ್ದಳು. ನಾನು ಕಣ್ಣು ಮುಚ್ಚಿಕೊಂಡು ಎಬಿಸಿ ಬರೆದು ಬಂದೆ. ಒಂದು ಪುಟ ಪೂರ್ತಿ, ಒಂದು ಚಿತ್ತಿಲ್ಲ. ಹೆತ್ತ ಮಗನ ಉತ್ತರಕ್ಕೆ ಅವಳು ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿ, 'ಕೇಳಿದ ಪ್ರಶ್ನೆಗೆ ಉತ್ತರವಿಲ್ಲ' ಎಂದು ಬರೆದಳು. ಆ ಸೊನ್ನೆಯಿಂದಲೇ ಗಣಿತದ ಅಂಕ ಸಾಲದೆ, ನಾನು ಹಡಗಿನ ಇಂಜಿನ್ ರೂಮಿಗೆ ಹೋಗಬೇಕಾದವನು ಅಡುಗೆಮನೆಗೆ ಬಂದೆ. ಈಗ ಅದರ ಬೇಸರವಿಲ್ಲ. ಇಂಜಿನ್ ರೂಮಿನವರು ನನ್ನ ಬ್ರೆಡ್ ತಿಂದು ಬದುಕಿದ್ದಾರೆ. ನಿಜ ಹೇಳಬೇಕೆಂದರೆ ಆ ಸೊನ್ನೆಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇದೆ. ಮಗ ಅಂತ ಅರ್ಧ ಅಂಕವನ್ನೂ ಬಿಡದ ಇನ್ನೊಬ್ಬ ತಾಯಿಯನ್ನು ನಾನು ಯಾವ ಬಂದರಿನಲ್ಲೂ ನೋಡಲಿಲ್ಲ.

ಆ ಅಮ್ಮ, ಗೊತ್ತಿರುವ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಗಿಣಿಪಾಠ ಒಪ್ಪಿಸುತ್ತಿದ್ದಾಳೆ ಎಂದರೆ ನನಗೆ ಅಂಕದ ಯೋಚನೆಗಿಂತ ಅದರ ಯೋಚನೆಯೇ ಹೆಚ್ಚಾಗಿದೆ.

ತಮ್ಮ

*

ಮಾರ್ಚ್ ೩೦

ಪುಟ್ಟ,

ಪಾಸು! ಮೂವತ್ತಕ್ಕೆ ಒಂದೇ ಕಡಿಮೆ. ಅದೇ ಕ್ಲಿನಿಕ್, ಅದೇ ಹಾಳೆ, ಅದೇ ಐದು ಪದ. ಅಮ್ಮ ಕೈಕಟ್ಟಿ ನಿಂತ ಹುಡುಗಿಯ ಹಾಗೆ ಒಪ್ಪಿಸಿದಳು. ಡಾಕ್ಟರು ಖುಷಿಯಾಗಿ, ಹೋದ ಸಲ ನಿದ್ದೆಗೇಡಿನಿಂದಲೇ ಹಾಗಾಗಿದ್ದಿರಬೇಕು ಎಂದು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಆಪರೇಷನ್ನಿಗೆ ತಾರೀಖೂ ಗೊತ್ತಾಗಿದೆ. ಅಲ್ಲಿ ಅದಕ್ಕೆ ಮುಂಚೆ ಒಬ್ಬ ಹೆಂಗಸು ಇನ್ನೊಂದು ಸಲ ಕೂರಿಸಿಕೊಂಡು ನಿಧಾನವಾಗಿ ಪರೀಕ್ಷೆ ಮಾಡುತ್ತಾರಂತೆ. ಬರೀ ಶಾಸ್ತ್ರಕ್ಕೆ ಇರಬೇಕು.

ಅಮ್ಮ ಒಪ್ಪಿದಳೇ ಎಂದು ಕೇಳಿದ್ದೀಯ. ಮೊದಲ ದಿನ ಮುಖ ತಿರುಗಿಸಿ ಕೂತಳು. ಆಮೇಲೆ ತನ್ನ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದುಕೊಂಡು, "ಸರಿ, ಶುರು ಮಾಡು" ಎಂದಳು. ನಾನು ಅವಳ ಕಣ್ಣು ನೋಡಲಿಲ್ಲ, ಅವಳು ನನ್ನ ಕಣ್ಣು ನೋಡಲಿಲ್ಲ. ಸಾಕಾ?

ನೀನು ದೂರದಲ್ಲಿ ಕೂತು ನ್ಯಾಯ ಹೇಳುತ್ತೀಯ. ಲೋಟ ಬಾಯಿಗೆ ಮುಟ್ಟುವ ಮುಂಚೆ ಅರ್ಧ ನೀರು ಎದೆಯ ಮೇಲೆ ಚೆಲ್ಲಿ, ಅವಳು ಏನೂ ಆಗಿಲ್ಲವೆಂಬಂತೆ ಸೆರಗು ಸರಿಮಾಡಿಕೊಳ್ಳುವುದನ್ನು ದಿನಾ ನೋಡುತ್ತಿರುವವಳು ನಾನು.

ಉಳಿದಂತೆ ಎಲ್ಲ ಕ್ಷೇಮ. ಅಮ್ಮ ಮೊನ್ನೆ ಟೀ ಮಾಡಲು ಹೋಗಿ ಒಲೆ ಹಚ್ಚಿ ಬರಿಯ ಪಾತ್ರೆ ಇಟ್ಟು, ಪುಡಿಯ ಡಬ್ಬ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದಳು. ಮುಂದೇನು ಎಂದು ಹೊಳೆಯದೆ ನಿಂತ ಹಾಗಿತ್ತು. ಪಾತ್ರೆಯ ತಳ ಕರಕಲಾಯಿತು. ಇಂಥದ್ದು ನನಗೂ ಆಗುತ್ತದೆ, ಬಿಡು. ಬಟ್ಟೆ ಮಡಿಸುವುದನ್ನೂ ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಾಳೆ. ವಯಸ್ಸಾಯಿತಲ್ಲ.

ನಿನ್ನ ಅಕ್ಕ

*

ಏಪ್ರಿಲ್ ೨೧

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಟಪಾಲು ಚೀಲ ಕಟ್ಟುತ್ತಿದ್ದಾರೆ.

ಕರಕಲಾದ ಪಾತ್ರೆಯ ವಿಷಯ ಡಾಕ್ಟರಿಗೆ ಹೇಳಿದೆಯಾ? ನಿನಗೂ ಹಾಗಾಗುತ್ತದೆ ಎಂದು ಬರೆದಿದ್ದೀಯ. ನಿನಗೆ ಎಂದೂ ಹಾಗಾಗಿಲ್ಲ. ನಿನ್ನ ಒಲೆಯ ಮೇಲೆ ಹಾಲು ಉಕ್ಕಿದ್ದನ್ನೂ ನಾನು ಕಂಡಿಲ್ಲ.

ಆ ಕೈ ನಿಲ್ಲಲಿ ಎಂದು ನನಗೂ ಆಸೆ. ಆದರೆ ಕೈ ನಿಂತು, ಆ ಕೈಯಲ್ಲಿ ಏನು ಬರೆಯಬೇಕು ಎಂಬುದೇ ಅವಳಿಗೆ ತೋಚದೆ ಹೋದರೆ ಏನು ಮಾಡುತ್ತೀಯ? ನನಗೆ ಹೆದರಿಕೆಯಾಗುತ್ತಿದೆ. ಆ ಪರೀಕ್ಷೆ ಮಾಡುವ ಹೆಂಗಸಿಗೆ ಎಲ್ಲ ಹೇಳಿಬಿಡು. ನಿನ್ನ ಕಾಲಿಗೆ ಬೀಳುತ್ತೇನೆ.

ತಮ್ಮ

*

ಮೇ ೧೨

ಪುಟ್ಟ,

ನಿನ್ನ ಏಪ್ರಿಲ್ ಕಾಗದ ನನಗೆ ನಿನ್ನೆ ಸಿಕ್ಕಿತು. ತಡವಾಯಿತು. ನಾನು ಹೇಳಲಿಲ್ಲ. ಹೇಳಿದವಳು ಅಮ್ಮ. ಕೂತು ಓದು.

ಹೋದ ಗುರುವಾರ ದೊಡ್ಡಾಸ್ಪತ್ರೆಗೆ ಹೋದೆವು. ಉದ್ದನೆಯ ಮೊಗಸಾಲೆಯ ಕೊನೆಗೆ ಒಂದು ಪುಟ್ಟ ಕೋಣೆ, ಒಂದು ಮೇಜು, ಮೂರು ಕುರ್ಚಿ. ಪರೀಕ್ಷೆ ಮಾಡುವ ಹೆಂಗಸು ನನಗಿಂತ ಚಿಕ್ಕವಳು. ಎಣ್ಣೆ ಹಾಕಿ ಬಿಗಿಯಾಗಿ ಕಟ್ಟಿದ ತಲೆ, ಮೊನಚು ಮಾಡಿದ ನಾಲ್ಕು ಪೆನ್ಸಿಲ್. ಮಾತ್ರೆ ಎಷ್ಟು ಹೊತ್ತಿಗೆ ತೆಗೆದುಕೊಂಡಿರಿ ಎಂದು ಮೊದಲು ಕೇಳಿದಳು. ಹಾಗಾದರೆ ಇನ್ನು ಅರ್ಧ ಗಂಟೆ ಕಾಯೋಣ, ಮೈ ಸ್ವಲ್ಪ ಸಡಿಲವಾಗಲಿ ಎಂದಳು. ರೇಖೆ ನಡುಗಿದರೆ ಅಂಕ ಹೋಗುವುದಿಲ್ಲ, ಮಾತು ತಡವಾದರೂ ಹೋಗುವುದಿಲ್ಲ, ತಾನು ನೋಡುವುದು ಕೈಯನ್ನಲ್ಲ ಎಂದೂ ಹೇಳಿದಳು.

ಕಾಯುವಾಗ ಅಮ್ಮ ಗೋಡೆಯ ಕಡೆ ಕಣ್ಣು ಮಾಡಿ ನನಗೆ ಪಿಸುಗುಟ್ಟಿದಳು. ಅಲ್ಲೊಂದು ಮೊಳೆ, ಅದರ ಕೆಳಗೆ ಬಣ್ಣ ಮಾಸದ ಒಂದು ದುಂಡನೆಯ ಗುರುತು. "ಗಡಿಯಾರ ತೆಗೆದಿಟ್ಟಿದ್ದಾಳೆ ನೋಡು. ನಾವು ಪರೀಕ್ಷೆ ದಿನ ಭೂಪಟ ಮಡಿಸಿಡ್ತಾ ಇದ್ದ ಹಾಗೆ." ಎಷ್ಟೋ ತಿಂಗಳ ಮೇಲೆ ಅಮ್ಮನ ಮುಖದಲ್ಲಿ ಮೆಚ್ಚುಗೆ ಕಂಡೆ. ನನ್ನ ಟ್ಯೂಷನ್ನಿಗೂ ಅವಳು ಅಷ್ಟು ಮೆಚ್ಚುಗೆ ತೋರಿಸಿರಲಿಲ್ಲ.

ಶುರುವಾಯಿತು. ಆ ಹೆಂಗಸು ಐದು ಪದ ಹೇಳಿದಳು. ಕುರ್ಚಿ, ನಿಂಬೆ, ಗಂಟೆ, ಕೆಂಪು, ದೋಣಿ. ಬೇರೆ ಹಾಳೆ! ಇಂಥ ಹಾಳೆಗಳು ಹಲವು ಇರುತ್ತವೆ ಎಂಬುದು ನನ್ನಂಥ ಟ್ಯೂಷನ್ ಟೀಚರಿಗೆ ಹೊಳೆಯಬೇಡವೇ? ಅಮ್ಮ ಆಗ ಸರಿಯಾಗಿಯೇ ಅವನ್ನು ತಿರುಗಿ ಹೇಳಿದಳು. ಆಮೇಲೆ ಚಿತ್ರ, ಲೆಕ್ಕ, ಒಂದೇ ಅಕ್ಷರದಿಂದ ಶುರುವಾಗುವ ಪದಗಳು. ಅಮ್ಮ ಒಂದೊಂದು ಕಡೆ ಎಷ್ಟು ಹೊತ್ತು ಸುಮ್ಮನಿದ್ದಳೆಂದರೆ ನನ್ನ ನಾಲಿಗೆ ಕಚ್ಚಿ ಹಿಡಿದುಕೊಂಡೆ. ಆ ಹೆಂಗಸು ಮಾತ್ರ ಪೆನ್ಸಿಲ್ ಕೂಡ ಅಲುಗಿಸಲಿಲ್ಲ. ಸರಿಗೂ ತಪ್ಪಿಗೂ ಒಂದೇ ಮುಖ, ಒಂದೇ 'ಆಯ್ತು'. ಅಷ್ಟು ತಾಳ್ಮೆಯಿಂದ ಕಾಯುವವರನ್ನು ನಾನು ನೋಡಿಲ್ಲ. ಅವಳೆದುರು ಕೂತು, ಅಮ್ಮನ ಬಾಯಿಂದ ಮಾತು ಕಿತ್ತುಕೊಂಡು ನಾನೇ ಮುಗಿಸಲು ಶುರುಮಾಡಿ ಎಷ್ಟು ದಿನವಾಯಿತು ಎಂದು ಯೋಚಿಸಿದೆ.

ಆಮೇಲೆ ಕೇಳಿದಳು, ಮೊದಲು ಹೇಳಿದ ಐದು ಪದ ಯಾವುವು?

ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು, ಎಲ್ಲೂ ತಡವರಿಸದೆ ಹೇಳಿದಳು. "ಕಿಟಕಿ, ಜೇನು, ಹಗ್ಗ, ಹಳದಿ, ಸೇತುವೆ."

"ಆಯ್ತು," ಎಂದು ಆ ಹೆಂಗಸು ಬರೆದುಕೊಂಡಳು. ಅದೇ ಮುಖ. ನೆಲ ಬಾಯಿ ಬಿಟ್ಟರೆ ಸಾಕು, ಒಳಗೆ ಹೋಗುತ್ತೇನೆ ಅನ್ನಿಸಿತು ನನಗೆ.

ಮುಂದಿನ ಪ್ರಶ್ನೆಗೆ ಅಮ್ಮ ಬಾಯಿ ತೆರೆದವಳು ನಿಲ್ಲಿಸಿದಳು. ಗೋಡೆಯ ದುಂಡನೆಯ ಗುರುತನ್ನೇ ನೋಡುತ್ತಿದ್ದಳು. ಆಮೇಲೆ, "ಈಗ ನಾನು ಹೇಳಿದ್ದು ನೀವು ಹೇಳಿದ ಪದ ಅಲ್ಲ, ಅಲ್ವಾ?" ಎಂದು ಕೇಳಿದಳು.

"ಸರಿಯೋ ತಪ್ಪೋ ಅಂತ ನಾನು ಈಗ ಹೇಳೋ ಹಾಗಿಲ್ಲ, ಟೀಚರ್."

"ಹೇಳ್ಬೇಡಿ. ಹೇಳಬಾರದು. ನಾನೇ ಹೇಳ್ತೀನಿ, ಬರ್ಕೊಳ್ಳಿ. ಅದು ಮನೇಲಿ ಉರು ಹೊಡೆದ ಪದ. ಹೋದ ಸಲದ ಅಂಕವೂ ಉರು ಹೊಡೆದದ್ದೇ. ನೀವು ಹೇಳಿದ್ದು ಒಂದೂ ನೆನಪಿಲ್ಲ ನಂಗೆ. ಎರಡೂ ಪೇಪರ್ ರದ್ದು ಮಾಡಿ."

ನಾನು ಹಿಂದಿನಿಂದ, "ಅಮ್ಮಾ, ಆಪರೇಷನ್ನು..." ಎಂದೆ. ಅಮ್ಮ ತಿರುಗಿ ನೋಡಲಿಲ್ಲ. "ನೀನು ಹೊರಗೆ ಕೂತ್ಕೋ," ಎಂದಳು. ಶಾಲೆಯಲ್ಲಿ ಪಕ್ಕದವರ ಹಾಳೆ ಇಣುಕಿದವರನ್ನು ಹೊರಗೆ ಹಾಕುತ್ತಿದ್ದಳಲ್ಲ, ಅದೇ ದನಿ. ಮೇಜಿನ ಮೇಲೆ ಅವಳ ಕೈ ಗಡಗಡ ನಡುಗುತ್ತಿತ್ತು, ದನಿ ಮಾತ್ರ ಅಲುಗಲಿಲ್ಲ.

ಮೊಗಸಾಲೆಯ ಬೆಂಚಿನ ಮೇಲೆ ಕೂತು ಗೊಳೋ ಎಂದು ಅತ್ತೆ ಪುಟ್ಟ. ಹೋಗಿಬರುವವರೆಲ್ಲ ನೋಡಿದರು, ನೋಡಲಿ ಎಂದುಕೊಂಡೆ. ಆಪರೇಷನ್ ಕೈತಪ್ಪಿತು ಎಂದು ಅತ್ತೆನೋ, ಇಂಥವಳ ಹೊಟ್ಟೆಯಲ್ಲಿ ಹುಟ್ಟಿದೆನಲ್ಲ ಎಂದು ಅತ್ತೆನೋ ನನಗೇ ಗೊತ್ತಿಲ್ಲ. ಆಮೇಲೆ ಆ ಹೆಂಗಸು ಬಂದು ಪಕ್ಕದಲ್ಲಿ ಕೂತಳು. ಕರಕಲಾದ ಪಾತ್ರೆ, ಅರ್ಧ ಮಡಿಸಿದ ಬಟ್ಟೆ, ಎಲ್ಲ ಹೇಳಿಬಿಟ್ಟೆ. ಬೈಯಲಿಲ್ಲ. ಮನೆಯಲ್ಲಿ ಪಾಠ ಹೇಳಿಸಿಕೊಂಡು ಬರುವವರು ಇದ್ದಾರೆ, ಇಷ್ಟು ಚೆನ್ನಾಗಿ ಪಾಠವಾಗಿದ್ದನ್ನು ಮಾತ್ರ ಈಗಲೇ ನೋಡಿದ್ದು ಎಂದಳು. ಎಲ್ಲ ಮುಗಿದ ಮೇಲೆ ಅಮ್ಮನ ಕೈ ಹಿಡಿದು, "ಇನ್ನೊಂದು ದಿನ ಬನ್ನಿ ಟೀಚರ್. ಏನೂ ಓದ್ಕೊಂಡು ಬರಬೇಡಿ," ಎಂದಳು.

ಅವತ್ತು ರಾತ್ರಿ ಊಟದ ಮೇಜಿನ ಮೇಲೆ ಊಟ ಮಾತ್ರ ಆಯಿತು.

ಅಕ್ಕ

*

ಜೂನ್ ೪

ಚಿರಂಜೀವಿ ಮಗನಿಗೆ ಅಮ್ಮನ ಆಶೀರ್ವಾದ.

ಇದನ್ನು ನಾನೇ ಬರೆಯುತ್ತಿದ್ದೇನೆ. ನಿನ್ನ ಅಕ್ಕ ತಾನು ಬರೆದುಕೊಡುತ್ತೇನೆಂದು ಬಂದಳು, ಕಳಿಸಿದೆ. ಅಕ್ಷರಗಳು ಸಾಲಿನ ಕೊನೆಗೆ ಹೋಗುತ್ತಾ ಇರುವೆಯಷ್ಟಾಗುತ್ತವೆ, ಇದೂ ಕಾಯಿಲೆಯದೇ ಕೆಲಸವಂತೆ. ಭೂತಗನ್ನಡಿ ಇಟ್ಟುಕೊಂಡು ಓದು. ನಾಲ್ಕು ದಿನ ತೆಗೆದುಕೊಂಡು ಬರೆದಿದ್ದೇನೆ, ಆದ್ದರಿಂದ ಶಾಯಿಯ ಬಣ್ಣ ಒಂದೇ ಇಲ್ಲ.

ನೀವಿಬ್ಬರೂ ನನ್ನ ಬೆನ್ನ ಹಿಂದೆ ಕಾಗದ ಬರೆದುಕೊಳ್ಳುತ್ತಿದ್ದದ್ದು ನನಗೆ ಗೊತ್ತಿತ್ತು. ಮೂವತ್ತು ವರ್ಷ ಪರೀಕ್ಷೆ ಕೋಣೆಯಲ್ಲಿ ಮೇಲ್ವಿಚಾರಣೆ ಮಾಡಿದವಳು.

ಪರೀಕ್ಷೆ ಮತ್ತೆ ಬರೆದೆ. ಓದಿಕೊಂಡು ಹೋಗಲಿಲ್ಲ. ಫಲಿತಾಂಶ ಹೇಳುತ್ತೇನೆ. ಲೆಕ್ಕ ಚೆನ್ನಾಗಿದೆ. ಭಾಷೆ ಚೆನ್ನಾಗಿದೆ. ಗಮನ, ಯೋಜನೆ, ಹೊಸದನ್ನು ನೆನಪಿಡುವುದು ಕಡಿಮೆಯಾಗಿದೆ. ಇನ್ನೂ ಆರಂಭವಂತೆ, ಆದರೆ ಇದೆ. ಆಪರೇಷನ್ ಬೇಡ ಎಂದು ಡಾಕ್ಟರುಗಳೆಲ್ಲ ಕೂತು ತೀರ್ಮಾನ ಮಾಡಿದರು. ತಲೆಗೆ ಮಂಕು ತರಬಹುದಾದ ಒಂದು ಮಾತ್ರೆಯನ್ನು ನಿಲ್ಲಿಸಿದ್ದಾರೆ. ಟೀ ಮಾಡುವ ಕ್ರಮವನ್ನು ನಿನ್ನ ಅಕ್ಕ ದಪ್ಪ ಅಕ್ಷರದಲ್ಲಿ ಬರೆದು ಒಲೆಯ ಮೇಲೆ ಅಂಟಿಸಿದ್ದಾಳೆ. ನೋಡಿಕೊಂಡು ಮಾಡುತ್ತೇನೆ. ನೋಡಿಕೊಂಡು ಬರೆಯುವುದು ಈ ಒಂದು ಪರೀಕ್ಷೆಯಲ್ಲಿ ತಪ್ಪಲ್ಲವೆಂದು ಆ ಪರೀಕ್ಷಕಿಯೇ ಹೇಳಿದ್ದಾಳೆ.

ಆ ದಿನ ಮನೆಗೆ ಬಂದು ಅತ್ತೆ. ಕೈಗಾಗಿ ಅತ್ತೆ. ನಿನ್ನ ಅಕ್ಕ ಪಾಠ ಹೇಳಿದ್ದು ಅವಳ ಪ್ರೀತಿ, ನಾನು ಒಪ್ಪಿದ್ದು ನನ್ನ ಆಸೆ. ಇನ್ನೊಂದೇ ಒಂದು ಸಲ ಬೋರ್ಡಿನ ಮುಂದೆ ನಿಂತು ತೋಳು ಬೀಸಬೇಕು ಎಂದು ಎಷ್ಟು ಆಸೆಯಿತ್ತು ಎಂದು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ಆದರೂ ನಡುಗುವ ಕೈಯಲ್ಲಿ ನಾಲ್ಕು ದಿನ ಕೂತಾದರೂ ನಿನಗೆ ಕಾಗದ ಬರೆಯಬಹುದು. ಯಾರಿಗೆ ಬರೆಯುತ್ತಿದ್ದೇನೆಂದು ತಿಳಿಯದ ಮೇಲೆ ನೆಟ್ಟಗಿನ ಕೈ ತೆಗೆದುಕೊಂಡು ಏನು ಮಾಡಲಿ?

ಆ ಹುಡುಗಿಯ ವಿಷಯ ಬರೆಯಬೇಕು. ನಾನು ಕಂಡ ಪರೀಕ್ಷಕರಲ್ಲಿ ಅವಳಷ್ಟು ಒಳ್ಳೆಯವರಿಲ್ಲ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. ಅವಳು ಪಿಕ್ಯೂಆರ್ ಕೇಳಿದಳು, ನಾನು ಎಬಿಸಿ ಬರೆದೆ. ಒಂದು ಚಿತ್ತಿಲ್ಲದೆ ಬರೆದೆ. ನಿನ್ನದೇ ಉತ್ತರಪತ್ರಿಕೆ ಕಣ್ಣ ಮುಂದೆ ಬಂತು, ಆಗ ನಿಲ್ಲಿಸಿದೆ. ಅವಳು ನನಗೆ ಸೊನ್ನೆ ಹಾಕಿದಳು, ಹಾಕಲೇಬೇಕು. ಆದರೆ ಸೊನ್ನೆ ಹಾಕಿದ ಕೈಯಲ್ಲೇ ನನ್ನ ಕೈ ಹಿಡಿದು, ಇನ್ನೊಂದು ದಿನ ಬನ್ನಿ ಎಂದಳು. ಅದು ನನಗೆ ಬರುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಅವಳಿಂದ ಕಲಿತೆ.

ನಿನ್ನ ಸೊನ್ನೆಯನ್ನು ನಾನು ಈಗಲೂ ತಿದ್ದುವುದಿಲ್ಲ. ಅದು ಸರಿಯಾಗಿಯೇ ಇತ್ತು.

ಕೆಳಗೆ ಒಂದು ವೃತ್ತ ಬರೆದಿದ್ದೇನೆ. ಮಾತ್ರೆ ಕೆಲಸ ಮಾಡುತ್ತಿದ್ದ ಹೊತ್ತಿನಲ್ಲಿ, ಒಂದೇ ಬೀಸಿನಲ್ಲಿ ಬರೆದದ್ದು. ಹೇಗಿದೆ ನೋಡಿ ಹೇಳು. ನಿನ್ನ ಅಕ್ಕ ಚೆನ್ನಾಗಿದೆ ಎನ್ನುತ್ತಾಳೆ, ಅವಳನ್ನು ನಂಬುವುದಿಲ್ಲ.

ಇತಿ,
ಅಮ್ಮ

*

ಜೂನ್ ೨೯

ಅಮ್ಮಾ,

ನಿನಗೆ ನೇರವಾಗಿ ಕಾಗದ ಬರೆದು ಎಷ್ಟು ವರ್ಷವಾಯಿತೋ, ಹೇಗೆ ಶುರು ಮಾಡಬೇಕೆಂದೇ ತಿಳಿಯದೆ ಎರಡು ಹಾಳೆ ಹರಿದೆ.

ನಿನ್ನ ಕಾಗದವನ್ನು ಹಿಟ್ಟು ಅಂಟಿದ ಕೈಯಲ್ಲಿ ಮುಟ್ಟಲು ಮನಸ್ಸಾಗದೆ, ಕೈ ತೊಳೆದು, ಭೂತಗನ್ನಡಿ ಸಾಲ ತಂದು ಓದಿದೆ. ಇಂಜಿನ್ ರೂಮಿನ ದೊಡ್ಡ ಇಂಜಿನಿಯರರದು ಅದು. ಯಾಕೆ ಎಂದು ಕೇಳಿದರು. ಹೇಳಿದೆ. ಎರಡೂ ಪೇಪರ್ ರದ್ದು ಮಾಡಿ ಎಂದ ಕಡೆ ಬಂದಾಗ ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ನಿನ್ನ ಮಗ ಎಂದು ಹೇಳಿಕೊಳ್ಳಲು ಅವತ್ತು ನನಗೆ ಆದಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಈಗ ವೃತ್ತದ ವಿಷಯ. ಕೈವಾರವೂ ಅವರದೇ ಸಿಕ್ಕಿತು, ಅಳೆದು ನೋಡಿದೆ. ಎಡಗಡೆ ಚೆನ್ನಾಗಿದೆ. ಬಲಗಡೆ ಮೂರು ಕಡೆ ಒಳಕ್ಕೆ ಸರಿದಿದೆ. ಶುರು ಮಾಡಿದ ಜಾಗಕ್ಕೂ ಮುಗಿಸಿದ ಜಾಗಕ್ಕೂ ನಡುವೆ ಒಂದು ಅಕ್ಕಿಕಾಳು ಹಿಡಿಸುವಷ್ಟು ಸಂದು ಉಳಿದಿದೆ. ಅಂಚು ಕೂಡದೆ ಇರುವುದನ್ನು ವೃತ್ತ ಎನ್ನಬಾರದು ಎಂದು ನೀನೇ ಹೇಳಿಕೊಟ್ಟದ್ದು.

ಆದ್ದರಿಂದ ಅಂಕ ಸೊನ್ನೆ.

ಈ ಸಲ ರಜೆ ಕೇಳಿದ್ದೇನೆ, ಒಪ್ಪಿದ್ದಾರೆ. ಆಗಸ್ಟಿನ ಮೊದಲ ವಾರ ಬರುತ್ತೇನೆ, ಬೋರ್ಡು ನಾನೇ ತರುತ್ತೇನೆ. ಇನ್ನೊಂದು ಸಲ ಬರೆ ಅಮ್ಮ. ನಾನು ಕಾಯುತ್ತೇನೆ, ಎಷ್ಟು ಹೊತ್ತಾದರೂ.

ನಿನ್ನ ಮಗ